ಫೇಸ್‌ಲಿಫ್ಟ್ ಕಾರಿನಲ್ಲಿ ನಿಜಕ್ಕೂ ಬದಲಾಗುವುದು ಏನು?

ಪ್ರಶ್ನೆ: ಪ್ರತಿ ಲಕ್ಷುರಿ ಸೆಡಾನ್‌ಗೂ ಮೂರ್ನಾಲ್ಕು ವರ್ಷಕ್ಕೆ ಒಂದು ಫೇಸ್‌ಲಿಫ್ಟ್ ಬರುತ್ತದೆ. ನೋಡಿದರೆ ಲೈಟು, ಬಂಪರ್, ಗ್ರಿಲ್ ಅಷ್ಟೇ ಬೇರೆ. ಬಾಗಿಲು, ರೂಫ್ ಎಲ್ಲ ಹಳೆಯದೇ. ಸುಮ್ನೆ ಹೊಸದು ಅಂತ ಮಾರುವ ಉಪಾಯ ಅಲ್ವಾ ಇದು?
– ಒಬ್ಬ ಓದುಗರು, ದಾವಣಗೆರೆ

ಬಾಗಿಲು, ರೂಫ್ ಮುಟ್ಟದೇ ಇರುವುದಕ್ಕೆ ಗಟ್ಟಿ ಕಾರಣ ಇದೆ. ಅವು ಲೋಹದ ಹಾಳೆಯನ್ನು ದೊಡ್ಡ ಪ್ರೆಸ್‌ನಲ್ಲಿ ಹಂತಹಂತವಾಗಿ ಒತ್ತಿ ಮಾಡಿದ ಭಾಗಗಳು. ಒಂದೊಂದು ಭಾಗಕ್ಕೂ ಬೇರೆ ಬೇರೆ ಡೈ, ಅಂದರೆ ಅಚ್ಚು, ಬೇಕು, ಆ ಡೈಗಳು ತುಂಬಾ ದುಬಾರಿ. ಜೊತೆಗೆ ರೂಫ್ ಮತ್ತು ಕಂಬಗಳ ಆಕಾರ ಬದಲಿಸಿದರೆ ಅಪಘಾತ ಪರೀಕ್ಷೆಯನ್ನೂ ಮತ್ತೆ ಮಾಡಬೇಕಾಗುತ್ತದೆ. ಒಂದು ಮಾದರಿ ಸುಮಾರು ಏಳು ವರ್ಷ ಮಾರಾಟದಲ್ಲಿ ಇರುತ್ತದೆ. ಅರ್ಧ ದಾರಿಯಲ್ಲಿ ಇಷ್ಟೆಲ್ಲ ಖರ್ಚು ಮಾಡಿದರೆ ಹಣ ವಾಪಸ್ ಬರುವುದು ಕಷ್ಟ. ಬಂಪರ್ ಹಾಗಲ್ಲ. ಅದು ಪ್ಲಾಸ್ಟಿಕ್ಕು, ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಲೈಟು, ಗ್ರಿಲ್ ಕೂಡ ಹಾಗೆಯೇ.

ಈ ಲೆಕ್ಕ ಮುರಿದವರೂ ಇದ್ದಾರೆ. 2009ರ ಮರ್ಸಿಡಿಸ್ ಇ-ಕ್ಲಾಸ್ ಸೆಡಾನ್‌ನ ಹಿಂದಿನ ಚಕ್ರದ ಮೇಲೆ ಒಂದು ಉಬ್ಬು ಇತ್ತು. 1950ರ ದಶಕದ ತಮ್ಮದೇ ಕಾರಿನ ನೆನಪಿಗೆ ಹಾಕಿದ್ದು. 2013ರ ಫೇಸ್‌ಲಿಫ್ಟ್‌ನಲ್ಲಿ ಅದನ್ನು ತೆಗೆದೇ ಬಿಟ್ಟರು. ಹಾಗೆ ತೆಗೆಯಬೇಕಾದರೆ ಹಿಂಬದಿಯ ಲೋಹದ ಭಾಗಗಳನ್ನೇ ಹೊಸದಾಗಿ ಒತ್ತಿಸಬೇಕು. 1995ರಿಂದ ಇ-ಕ್ಲಾಸ್‌ನ ಗುರುತಾಗಿದ್ದ ನಾಲ್ಕು ಕಣ್ಣಿನ ಲೈಟನ್ನೂ ಅದೇ ಸಲ ಒಂದೇ ಗಾಜಿನೊಳಗೆ ಸೇರಿಸಿದರು. ಇಷ್ಟು ಧೈರ್ಯದ ಫೇಸ್‌ಲಿಫ್ಟ್ ತೀರಾ ಅಪರೂಪ.

ಆದರೆ 'ಮಾರುವ ಉಪಾಯ' ಅನ್ನುವ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಲಕ್ಷುರಿ ಸೆಡಾನ್‌ಗಳಲ್ಲಿ ದೊಡ್ಡ ಕೆಲಸ ನಡೆಯುವುದು ಬಾನೆಟ್ ಕೆಳಗೆ, ವೈರಿಂಗ್‌ನಲ್ಲಿ, ಸಾಫ್ಟ್‌ವೇರ್‌ನಲ್ಲಿ. ಹೊರಗೆ ಹೊಸ ಬಂಪರ್ ಹಾಕುವುದು ಒಳಗಿನ ಕೆಲಸಕ್ಕೆ ಗಿರಾಕಿಯ ಗಮನ ಸೆಳೆಯಲಿಕ್ಕೆ. ಮುಂದಿನ ಪ್ರಶ್ನೆ ಇದಕ್ಕೇ ಸಂಬಂಧಿಸಿದ್ದು.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಮರ್ಸಿಡಿಸ್ ಎಸ್ 350 ಡಿ ನೋಡುತ್ತಿದ್ದೇನೆ. 2016ರ ಕಾರು ಒಂದಿದೆ, 2018ರ ಫೇಸ್‌ಲಿಫ್ಟ್ ಇನ್ನೊಂದಿದೆ. ಎರಡನೆಯದಕ್ಕೆ ಬೆಲೆ ಬಹಳ ಜಾಸ್ತಿ. ಅಷ್ಟು ಕೊಡುವುದು ಸರಿಯಾ?
– ಉದ್ಯಮಿಯೊಬ್ಬರು, ಹುಬ್ಬಳ್ಳಿ

ಕಾರಿನ ಸ್ಥಿತಿ ಚೆನ್ನಾಗಿದ್ದರೆ ಫೇಸ್‌ಲಿಫ್ಟ್ ತೆಗೆದುಕೊಳ್ಳಿ. ಕಾರಣ ಲೈಟಲ್ಲ, ಎಂಜಿನ್.

ಈ ಎಸ್-ಕ್ಲಾಸ್ ಮೊದಲು ಬಂದಿದ್ದು 2013ರಲ್ಲಿ. ಫೇಸ್‌ಲಿಫ್ಟನ್ನು 2017ರ ಏಪ್ರಿಲ್‌ನಲ್ಲಿ ಶಾಂಘೈ ಮೋಟಾರ್ ಶೋನಲ್ಲಿ ತೋರಿಸಿದರು. ನಮ್ಮ ದೇಶಕ್ಕೆ ಬಂದಿದ್ದು 2018ರ ಫೆಬ್ರವರಿಯಲ್ಲಿ, ಪುಣೆ ಹತ್ತಿರದ ಚಾಕಣ್‌ನಲ್ಲಿ ಜೋಡಿಸಿದ ಕಾರಾಗಿ. ಹಳೆಯ 350 ಡಿಯಲ್ಲಿ ವಿ6 ಡೀಸೆಲ್ ಎಂಜಿನ್ ಇತ್ತು: 258 ಅಶ್ವಶಕ್ತಿ, 620 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ). ಹೊಸದರಲ್ಲಿ ಆರೂ ಸಿಲಿಂಡರ್ ಒಂದೇ ಸಾಲಿನಲ್ಲಿವೆ: 286 ಅಶ್ವಶಕ್ತಿ, 600 ನ್ಯೂಟನ್ ಮೀಟರ್. ಕಾಗದದ ಮೇಲೆ ಟಾರ್ಕ್ ಸ್ವಲ್ಪ ಕಡಿಮೆಯೇ. ಆ 20ಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಎಷ್ಟೋ ವರ್ಷ ವಿ6 ಹಾಕಿದ ಕಂಪನಿ ಸಾಲು ಆರಕ್ಕೆ ಯಾಕೆ ಬಂತು? ಮುಖ್ಯ ಕಾರಣ ಹೊಗೆ. ವಿ6ನಲ್ಲಿ ಸಿಲಿಂಡರ್‌ಗಳು ಎರಡು ಬದಿಗೆ ಹಂಚಿಹೋಗಿರುತ್ತವೆ. ಹೊಗೆಯನ್ನು ಎರಡೂ ಕಡೆಯಿಂದ ಒಟ್ಟುಮಾಡಿ ಶುದ್ಧ ಮಾಡುವ ಘಟಕಕ್ಕೆ ಒಯ್ಯಬೇಕು. ಅಷ್ಟರಲ್ಲಿ ಬಿಸಿ ಇಳಿಯುತ್ತದೆ. ಸಾರಜನಕದ ಆಕ್ಸೈಡ್‌ಗಳನ್ನು ತೆಗೆಯುವ ರಾಸಾಯನಿಕ ಕ್ರಿಯೆ ಸರಿಯಾಗಿ ನಡೆಯುವುದೇ ಬಿಸಿಯಲ್ಲಿ. ಸಾಲು ಎಂಜಿನ್‌ನಲ್ಲಿ ಹೊಗೆ ಒಂದೇ ಬದಿಯಿಂದ ಬರುತ್ತದೆ. ಶುದ್ಧೀಕರಣದ ಭಾಗಗಳನ್ನು ಎಂಜಿನ್‌ಗೆ ಅಂಟಿಸಿದಂತೆ ಪಕ್ಕದಲ್ಲೇ ಕೂರಿಸಬಹುದು. ಸಾಲು ಆರಕ್ಕೆ ಇನ್ನೊಂದು ಹುಟ್ಟುಗುಣವೂ ಇದೆ. ಒಂದು ಪಿಸ್ಟನ್‌ನ ಅಲುಗಾಟವನ್ನು ಇನ್ನೊಂದು ಸರಿದೂಗಿಸುವುದರಿಂದ ನಡುಕ ತೀರಾ ಕಡಿಮೆ. ಹಿಂದಿನ ಸೀಟಿನಲ್ಲಿ ಕೂತವರಿಗೆ ಇದು ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ.

ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ದೇಶದಲ್ಲಿ ಕಡ್ಡಾಯವಾಗಿದ್ದು 2020ರ ಏಪ್ರಿಲ್ 1ಕ್ಕೆ. ಈ ಕಾರು ಎರಡು ವರ್ಷ ಮೊದಲೇ ಬಿಎಸ್6 ಆಗಿ ಬಂದಿತ್ತು. ಇಲ್ಲೊಂದು ಎಚ್ಚರಿಕೆ. ಆಗ ನಮ್ಮ ಬಂಕ್‌ಗಳಲ್ಲಿ ಸಿಗುತ್ತಿದ್ದದ್ದು ಬಿಎಸ್4 ಡೀಸೆಲ್. ಅದರಲ್ಲಿ ಗಂಧಕದ ಮಿತಿ 50 ಪಿಪಿಎಂ, ಬಿಎಸ್6 ಡೀಸೆಲ್‌ನಲ್ಲಿ 10. ಹಳೆಯ ಡೀಸೆಲ್‌ನಲ್ಲೂ ಓಡುವ ಹಾಗೆ ಕಂಪನಿ ಎಂಜಿನ್ ತಯಾರಿಸಿತ್ತು, ನಿಜ. ಆದರೂ ಶುರುವಿನ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಹೇಗಿದೆ ಅಂತ ಸ್ಕ್ಯಾನರ್ ಹಾಕಿ ನೋಡದೆ ಮುಂಗಡ ಕೊಡಬೇಡಿ. ಹೊಗೆ ಶುದ್ಧ ಮಾಡಲು ಬೇಕಾದ ಆಡ್‌ಬ್ಲೂ ದ್ರಾವಣವನ್ನೂ ಖಾಲಿಯಾಗಲು ಬಿಡಬಾರದು. ಪೂರ್ತಿ ಮುಗಿದರೆ ನಿಲ್ಲಿಸಿದ ಕಾರು ಮತ್ತೆ ಸ್ಟಾರ್ಟ್ ಆಗುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. 2018ರಲ್ಲಿ ನೋಂದಣಿಯಾದದ್ದೆಲ್ಲ ಫೇಸ್‌ಲಿಫ್ಟ್ ಅಲ್ಲ. 2017ರಲ್ಲಿ ತಯಾರಾಗಿ ಶೋರೂಮ್‌ನಲ್ಲಿ ಉಳಿದಿದ್ದ ಹಳೆಯ ಕಾರೂ ಆ ವರ್ಷ ನೋಂದಣಿ ಆಗಿರಬಹುದು. ಆರ್‌ಸಿ ತೆಗೆದು ಎಂಜಿನ್ ಸಾಮರ್ಥ್ಯ ನೋಡಿ. 2,987 ಸಿಸಿ ಇದ್ದರೆ ಹಳೆಯ ವಿ6. 2,925 ಸಿಸಿ ಇದ್ದರೆ ಹೊಸ ಸಾಲು ಆರು. ಮಾರುವವರ ಬಾಯಿಮಾತಿಗಿಂತ ಈ ನಾಲ್ಕು ಅಂಕಿಗಳನ್ನು ನಂಬಿ.

ಕಾರನ್ನು ಗಾಳಿಯ ಒತ್ತಡದ ಮೇಲೆ ಎತ್ತಿ ಹಿಡಿಯುವ ಏರ್ ಸಸ್ಪೆನ್ಷನ್ ಎರಡರಲ್ಲೂ ದುಬಾರಿ ಬಾಬತ್ತು. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಒಂದು ಮೂಲೆಗೆ ಕುಸಿದಿದ್ದರೆ ಗಾಳಿ ಸೋರುತ್ತಿದೆ ಅಂತ ಅರ್ಥ. ಕಾರು ದೆಹಲಿಯದಾದರೆ ಬೆಲೆ ನೋಡಿ ಮರುಳಾಗಬೇಡಿ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರಿನ ಮೇಲೆ ನಿರ್ಬಂಧದ ಭಯ ಇರುವುದರಿಂದ ಅಗ್ಗಕ್ಕೆ ಸಿಗುತ್ತವೆ. ಇಲ್ಲಿಗೆ ತಂದರೆ ಅಲ್ಲಿನ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಕಾರಿನ ವಯಸ್ಸು ನೋಡಿ ಕರ್ನಾಟಕದ ಜೀವಿತಾವಧಿ ತೆರಿಗೆಯನ್ನೂ ಕಟ್ಟಬೇಕು. ಅದನ್ನು ಸೇರಿಸಿ ಲೆಕ್ಕ ಹಾಕಿ, ಆಮೇಲೆ ಚೌಕಾಸಿ ಮಾಡಿ.

ಪ್ರಶ್ನೆ: ನನ್ನ ಬಳಿ 2015ರ ಎಸ್-ಕ್ಲಾಸ್ ಇದೆ. ಫೇಸ್‌ಲಿಫ್ಟ್‌ನ ಲೈಟು, ಬಂಪರ್ ಹಾಕಿಸಿದರೆ ಹೊಸದರಂತೆ ಕಾಣುತ್ತದೆ ಅಂತಾರೆ. ಹಾಕಿಸಲಾ?
– ಒಬ್ಬ ಓದುಗರು, ಮಂಗಳೂರು

ಬೇಡ. ಬಂಪರ್ ಕೂರಬಹುದು. ಆದರೆ ಹೊಸ ಹೆಡ್‌ಲೈಟ್ ಬರೀ ಗಾಜು ಮತ್ತು ಬಲ್ಬ್ ಅಲ್ಲ. ಈ ಎಸ್-ಕ್ಲಾಸ್‌ನಲ್ಲಿ ಮೊದಲಿನಿಂದಲೂ ಬಲ್ಬೇ ಇಲ್ಲ, ಎಲ್ಲ ಎಲ್‌ಇಡಿ. ಫೇಸ್‌ಲಿಫ್ಟ್‌ನ ಮೂರು ಗೆರೆಯ ಲೈಟು ತನ್ನದೇ ಕಂಟ್ರೋಲ್ ಯೂನಿಟ್ ಜೊತೆ ಮಾತಾಡಬೇಕು. ನಿಮ್ಮ ಕಾರಿನಲ್ಲಿ ಆ ಯೂನಿಟ್ ಇಲ್ಲ. ಕೋಡಿಂಗ್ ಮಾಡಿ ಹೊಂದಿಸುತ್ತೇವೆ ಅನ್ನುತ್ತಾರೆ. ರಾತ್ರಿ ಹೆದ್ದಾರಿಯಲ್ಲಿ ಒಂದು ಲೈಟು ಕೈಕೊಟ್ಟರೆ ಏನು ಗತಿ? ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಅಡ್ಡ ಬರುತ್ತದೆ. ಇನ್ಶೂರೆನ್ಸ್ ಕ್ಲೇಮ್ ಹೊತ್ತಿನಲ್ಲಿ ಇದೇ ದೊಡ್ಡ ತಕರಾರು ಆಗಬಹುದು.

ಹೀಗೆ ವೇಷ ಬದಲಿಸಿದ ಕಾರನ್ನು ಕೊಳ್ಳುವವರು ಪತ್ತೆ ಹಚ್ಚುವುದೂ ಸುಲಭ. ಫೇಸ್‌ಲಿಫ್ಟ್‌ನಲ್ಲಿ ಕ್ರೂಸ್ ಕಂಟ್ರೋಲ್ ಸ್ಟೀರಿಂಗ್ ಮೇಲಿನ ಬಟನ್‌ಗೆ ಬಂದಿದೆ. ಅದಕ್ಕೆಂದೇ ಸ್ಟೀರಿಂಗ್ ಹಿಂದೆ ಬೇರೆ ಕಡ್ಡಿ ಇದ್ದರೆ ಹಳೆಯ ಕಾರು.

ಪ್ರಶ್ನೆ: ಬಿಎಂಡಬ್ಲ್ಯು 7 ಸೀರೀಸ್‌ನ 2019ರ ಫೇಸ್‌ಲಿಫ್ಟ್‌ನಲ್ಲಿ ಗ್ರಿಲ್ ಯಾಕೆ ಅಷ್ಟು ದೊಡ್ಡದಾಯಿತು?
– ವಿನ್ಯಾಸ ವಿದ್ಯಾರ್ಥಿನಿ, ಬೆಂಗಳೂರು

ಗ್ರಿಲ್ ಸುಮಾರು ಶೇ 40ರಷ್ಟು ಹಿಗ್ಗಿತು. ಅದನ್ನು ಹಿಡಿಸಲು ಕಾರಿನ ಮೂತಿಯನ್ನೇ 50 ಮಿಲಿಮೀಟರ್ ಎತ್ತರಿಸಿದರು. 7 ಸೀರೀಸ್‌ಗೆ ದೊಡ್ಡ ಮಾರುಕಟ್ಟೆ ಚೀನಾ. ಮಾಲೀಕರು ಹಿಂದೆ ಕೂತು ಓಡಾಡುವ ಕಾರು ಇದು. ಹೋಟೆಲ್ ಬಾಗಿಲಿಗೆ ಬಂದು ನಿಂತಾಗ ಎದ್ದು ಕಾಣಲಿ ಅನ್ನುವ ಅಪೇಕ್ಷೆ ಅಲ್ಲಿ ಬಲವಾಗಿದೆ. 2015ರ ಮೂಲ ಕಾರು ತುಂಬಾ ಸೌಮ್ಯವಾಗಿತ್ತು.

ನನಗೆ ಅದು ಒಪ್ಪಿಗೆಯಾಗಲಿಲ್ಲ. ಗ್ರಿಲ್ ದೊಡ್ಡದು ಅನ್ನುವುದು ನನ್ನ ತಕರಾರಲ್ಲ. ಮುಂಭಾಗ ಮಾತ್ರ ಬೆಳೆಯಿತು, ಬಾಗಿಲು ಮತ್ತು ರೂಫ್ ಇದ್ದಲ್ಲೇ ಉಳಿದವು. ಮೂಗು ಒಬ್ಬರದು, ಮುಖ ಇನ್ನೊಬ್ಬರದು ಅನ್ನುವಂತಾಯಿತು. ಇದೇ ಕಂಪನಿ ಒಮ್ಮೆ ಇದರ ಉಲ್ಟಾ ಕೆಲಸ ಮಾಡಿತ್ತು. 2001ರ 7 ಸೀರೀಸ್‌ನ ಡಿಕ್ಕಿ ಮತ್ತು ಹೆಡ್‌ಲೈಟ್‌ಗಳಿಗೆ ವಿಪರೀತ ಟೀಕೆ ಬಂತು. ವಿನ್ಯಾಸ ವಿಭಾಗದ ಮುಖ್ಯಸ್ಥ ಕ್ರಿಸ್ ಬ್ಯಾಂಗಲ್ ವಿರುದ್ಧ ಸಹಿ ಸಂಗ್ರಹವೇ ನಡೆಯಿತು. 2005ರ ಫೇಸ್‌ಲಿಫ್ಟ್‌ನಲ್ಲಿ ಗೆರೆಗಳನ್ನು ಶಾಂತ ಮಾಡಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ಸ್ಕೆಚ್ ಮಾಡಿ ನೋಡಿ. ನಿಮಗೆ ಒಳ್ಳೆಯ ಅಭ್ಯಾಸ.

2019ರ ಕಾರಿನಲ್ಲಿ ಯಾರೂ ಹೆಚ್ಚು ಮಾತಾಡದ ಒಳ್ಳೆಯ ಕೆಲಸಗಳಿವೆ. ಎಂಜಿನ್ ಜೊತೆಗೆ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಪ್ಲಗ್-ಇನ್ ಹೈಬ್ರಿಡ್‌ನಲ್ಲಿ ನಾಲ್ಕು ಸಿಲಿಂಡರ್ ಹೋಗಿ ಆರು ಬಂತು. ಕಿಟಕಿ ಗಾಜು 5.1 ಮಿಲಿಮೀಟರ್‌ಗೆ ದಪ್ಪವಾಯಿತು, ಅದರಿಂದ ಒಳಗೆ ಸದ್ದು ಕಡಿಮೆ. ಗ್ರಿಲ್ ಗಲಾಟೆಯಲ್ಲಿ ಆ ಗಾಜಿನ ಸುದ್ದಿ ಮುಚ್ಚಿಹೋಯಿತು.

ಪ್ರಶ್ನೆ: ಫೇಸ್‌ಲಿಫ್ಟ್ ಬರುವ ಮೊದಲು ಡೀಲರ್ ದೊಡ್ಡ ಡಿಸ್ಕೌಂಟ್ ಕೊಡುತ್ತಿದ್ದಾರೆ. ಈಗಲೇ ತೆಗೆದುಕೊಳ್ಳಲಾ, ಕಾಯಲಾ?
– ವೈದ್ಯರು, ಮೈಸೂರು

ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನಿಸಿ. ಎಂಟು ಹತ್ತು ವರ್ಷ ಆದರೆ ಡಿಸ್ಕೌಂಟ್ ಇರುವ ಹಳೆಯದೇ ಲಾಭ. ಇಷ್ಟರಲ್ಲಿ ಅದರ ಆರಂಭದ ದೋಷಗಳನ್ನೆಲ್ಲ ಕಂಪನಿ ಸರಿಮಾಡಿರುತ್ತದೆ. ಮೂರು ವರ್ಷಕ್ಕೆ ಮಾರುವವರಾದರೆ ಕಾಯಿರಿ. ಹೊಸ ಮುಖ ಬಂದ ದಿನವೇ ಹಳೆಯದರ ಮರುಮಾರಾಟ ಬೆಲೆ ಇಳಿಯುತ್ತದೆ. ಎಂಜಿನ್ ಬದಲಾಗುತ್ತಿದೆಯಾ ಅಂತ ಡೀಲರ್ ಹತ್ತಿರ ಲಿಖಿತವಾಗಿ ಕೇಳಿ. ಬದಲಾಗುತ್ತಿದ್ದರೆ ಹಳೆಯ ಕಾರಿನ ಮೇಲೆ ಇನ್ನೂ ಜಾಸ್ತಿ ಇಳಿಸಲು ಹೇಳಿ. ತಯಾರಾದ ತಿಂಗಳು ಹಿಂದಿನ ವರ್ಷದ್ದಾಗಿದ್ದರೆ ಅದಕ್ಕೂ ಬೇರೆಯಾಗಿ ಇಳಿಸಬೇಕು.