ಕ್ಯಾಂಪರ್ ವ್ಯಾನ್‌ನಲ್ಲಿ ಆನೆಗೊಂದಿ ಕಡೆ ಹೊರಟಿದ್ದೇವೆ, ಗಾಡಿ ಕಳುವಾಗದಂತೆ ಏನು ಮಾಡೋದು?

ಯಾವ ಜಿಪಿಎಸ್ ಒಳ್ಳೇದು, ಯಾವ ಊರಲ್ಲಿ ರಾತ್ರಿ ನಿಲ್ಲಿಸಬಾರದು ಅಂತ ಕೇಳಿದ್ದೀರಿ. ಮೊದಲ ಸಲ ಹೊರಡುವಾಗ ನಾನೂ ಇದೇ ಎರಡನ್ನು ಸಿಕ್ಕವರನ್ನೆಲ್ಲ ಕೇಳಿದ್ದೆ. ಎರಡಕ್ಕೂ ಉತ್ತರ ಸಿಕ್ಕಿತ್ತು. ಗಾಡಿ ಮಾತ್ರ ಹೋಯಿತು.

ನಮ್ಮದು ಬಳ್ಳಾರಿ, ಕೌಲ್ ಬಜಾರ್. ಜೀನ್ಸ್ ಹೊಲಿಯುವ ಕೆಲಸ. ಒಂದು ಹಳೇ ಮಾರುತಿ ಈಕೋ ವ್ಯಾನ್ ತಗೊಂಡು ಹಿಂದಿನ ಸೀಟು ತೆಗೆಸಿ ಪ್ಲೈವುಡ್ ಮಂಚ, ಕೆಳಗೆ ಸಾಮಾನಿಗೆ ಡ್ರಾಯರ್, ಬ್ಯಾಟರಿ, ಫ್ಯಾನ್ ಎಲ್ಲ ಹಾಕಿಸಿದ್ದೆ. ಪರದೆಗಳನ್ನು ಉಳಿದ ಡೆನಿಮ್ ಬಟ್ಟೆಯಲ್ಲಿ ನಾನೇ ಹೊಲಿದೆ. ಗಾಡಿ ಬೆಲೆ ಬಿಟ್ಟು 80 ಸಾವಿರ ಖರ್ಚಾಗಿತ್ತು.

2023ರ ಜನವರಿ. ನಾನು, ಹೆಂಡತಿ, ಮಗಳು. ರಾತ್ರಿ ಅಂಜನಾದ್ರಿ ಬೆಟ್ಟದ ಕೆಳಗೆ ಬೇರೆ ಗಾಡಿಗಳ ಸಾಲಿನಲ್ಲೇ ನಿಲ್ಲಿಸಿದ್ದೆವು. ಬೆಳಿಗ್ಗೆ ಕತ್ತಲಿರುವಾಗಲೇ ಹೆಂಡತಿ ಅಕ್ಕಿ ತೊಳೆದಿಟ್ಟಳು, ಇಳಿದು ಬಂದ ಮೇಲೆ ಕುಕ್ಕರ್ ಇಟ್ಟರಾಯಿತು ಅಂತ. 575 ಮೆಟ್ಟಿಲು ಹತ್ತಿ, ಸೂರ್ಯ ಮೂಡುವುದನ್ನು ನೋಡಿ, ಆಂಜನೇಯನ ದರ್ಶನ ಮಾಡಿ ಕೆಳಗೆ ಬಂದಾಗ ಎಂಟು ಗಂಟೆ. ಗಾಡಿ ಇದ್ದ ಜಾಗ ಖಾಲಿ. ಚಕ್ರಕ್ಕೆ ಅಡ್ಡ ಕೊಟ್ಟಿದ್ದ ಎರಡು ಕಲ್ಲನ್ನು ಯಾರೋ ಎತ್ತಿ ಒಂದರ ಪಕ್ಕ ಒಂದು ಇಟ್ಟಿದ್ದರು. ಅಕ್ಕಿ ತೊಳೆದು ಚೆಲ್ಲಿದ ನೀರಿನ ಗುರುತು ಇನ್ನೂ ಪೂರ್ತಿ ಒಣಗಿರಲಿಲ್ಲ. ಅದರಲ್ಲಿ ನಾಲ್ಕು ಅಕ್ಕಿ ಕಾಳು, ಸುತ್ತ ಇರುವೆ. ಒಡೆದ ಗಾಜಿನ ಒಂದು ಚೂರೂ ಇರಲಿಲ್ಲ.

ಪಕ್ಕದಲ್ಲಿ ಎಳನೀರು ಮಾರುವ ಅಕ್ಕನನ್ನು ಕೇಳಿದೆ. "ಅಣ್ಣಾ, ಗಾಡಿ ಆಗ್ಲೇ ಹೋತಲ್ರೀ. ಕೀಲಿ ಹಾಕಿ ಚಾಲೂ ಮಾಡಿದ್ರು, ನೀವಾ ಇರಬೇಕು ಅಂದ್ಕೊಂಡೆ" ಅಂದರು.

ಆ ಕೀ ನಾನೇ ಗಾಡಿಯೊಳಗೆ ಇಟ್ಟದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಂಥ ಗಾಡಿಯಲ್ಲಿ ಓಡಾಡುವ ತುಂಬಾ ಜನ ಹೀಗೇ ಮಾಡುತ್ತಾರೆ. ಅದಕ್ಕೆ ಒಂದು ವರ್ಷ ಮುಂಚೆ ಸಾಣಾಪುರ ಕೆರೆಯಲ್ಲಿ ತೆಪ್ಪದಿಂದ ಇಳಿಯುವಾಗ ಜೇಬಿನಲ್ಲಿದ್ದ ಕೀ ನೀರಿಗೆ ಬಿತ್ತು. ಬಳ್ಳಾರಿಯಿಂದ ಭಾವ ಬಸ್ಸು ಹತ್ತಿ ಎರಡನೇ ಕೀ ತಂದು ಕೊಡುವವರೆಗೆ ಅರ್ಧ ದಿನ ಬಿಸಿಲಲ್ಲಿ ಕೂತೆವು. ಮಗಳಿಗೆ ಜ್ವರ ಬಂತು. ಇನ್ನು ಈ ಫಜೀತಿ ಬೇಡ ಅಂತ ಎರಡನೇ ಕೀಯನ್ನು ಮಂಚದ ಹಲಗೆಯ ಕೆಳಗೆ ಒಂದು ಮೊಳೆಗೆ ನೇತುಹಾಕಿದೆ. ಗಾಡಿ ಲಾಕ್ ಆಗಿದ್ದರೆ ತೆಗೆಯೋದು ಹೇಗೆ? ಪಕ್ಕದ ಬಾಗಿಲಿನ ಸರಿಸುವ ಗಾಜಿನ ಚಿಲಕ ಸಡಿಲವಾಗಿತ್ತು. ಅದನ್ನು ಬೇಕಂತಲೇ ರಿಪೇರಿ ಮಾಡಿಸಲಿಲ್ಲ. ಹೊರಗಿಂದ ಒತ್ತಿ ಸರಿಸಿ ಕೈ ಹಾಕಿದರೆ ಮೊಳೆ ಸಿಗುತ್ತಿತ್ತು. ಎರಡು ಸಲ ಮಾಡಿಯೂ ನೋಡಿದೆ. ನನ್ನ ಕೈ ಹೋಗುವ ಕಡೆ ಬೇರೆಯವರ ಕೈಯೂ ಹೋಗುತ್ತದೆ ಅನ್ನುವಷ್ಟು ಯೋಚನೆ ಆಗ ಬರಲಿಲ್ಲ. ಹಿಂದಿನ ಸಂಜೆ ಕೂಡ ಮಗಳು ಒಳಗಿದ್ದ ಟೋಪಿ ಕೇಳಿದಾಗ ಎಲ್ಲರ ಎದುರಿಗೆ ಆ ಗಾಜು ಸರಿಸಿ ಕೈ ಹಾಕಿ ತೆಗೆದುಕೊಟ್ಟಿದ್ದೆ. ಯಾರೋ ನೋಡಿರಬೇಕು.

ಗಾಜು ಒಡೆದಿದ್ದರೆ, ವೈರ್ ಎಳೆದಾಡಿದ್ದರೆ, ಆ ಅಕ್ಕ ಕೂಗುತ್ತಿದ್ದರು. ಕೀ ಹಾಕಿ ಚಾಲೂ ಮಾಡಿದವನು ಓನರ್ ಥರಾನೇ ಕಾಣುತ್ತಾನೆ, ಅಲ್ವಾ? ನನ್ನ ಜಿಪಿಎಸ್ ಚಾರ್ಜರ್ ಸಾಕೆಟ್‌ಗೆ ಚುಚ್ಚುವಂಥದ್ದು, ಕಿತ್ತು ಬಿಸಾಕಿದ್ದಾನೆ. ಕೊನೆಯ ಲೊಕೇಶನ್ ಅದೇ ಬೆಟ್ಟದ ಬುಡ ತೋರಿಸುತ್ತಿತ್ತು.

112ಕ್ಕೆ ಫೋನ್ ಮಾಡಿದೆ, ಪೊಲೀಸರು ಬೇಗ ಬಂದರು. ಚಾಸಿ ನಂಬರ್ ಕೇಳಿದರು. ಮೂಲ ಆರ್‌ಸಿ ಗಾಡಿಯ ಡ್ಯಾಶ್‌ಬೋರ್ಡಿನಲ್ಲೇ ಇತ್ತು! ಮನೆಯಲ್ಲಿದ್ದ ಇನ್ಶೂರೆನ್ಸ್ ಕಾಗದದ ಫೋಟೋ ತರಿಸಿಕೊಳ್ಳುವಷ್ಟರಲ್ಲಿ ಒಂದು ತಾಸು ಹೋಯಿತು. ಫಾಸ್ಟ್ಯಾಗ್ ಬ್ಲಾಕ್ ಮಾಡಬೇಡಿ, ಟೋಲ್ ದಾಟಿದರೆ ಮೆಸೇಜ್ ಬರುತ್ತೆ ಅಂದರು. ಬರಲಿಲ್ಲ. ಒಳದಾರಿಯಲ್ಲೇ ಹೋಗಿದ್ದಾನೆ. ಹನ್ನೊಂದು ದಿನದ ಮೇಲೆ ಕಾರಟಗಿ ಹತ್ತಿರ ಎಡದಂಡೆ ಕಾಲುವೆಯ ಪಕ್ಕ ಹಾಸಿಗೆ ಮತ್ತು ನನ್ನ ಡೆನಿಮ್ ಪರದೆ ಸಿಕ್ಕವು. ಹೊಲಿಗೆ ನೋಡಿ ಗುರುತಿಸಿದೆ. ಗಾಡಿ ಇವತ್ತಿನವರೆಗೂ ಸಿಕ್ಕಿಲ್ಲ.

ಇನ್ಶೂರೆನ್ಸ್‌ನವರು ಮೊದಲು ಕೇಳಿದ್ದೇ ಎರಡೂ ಕೀ. ನನ್ನ ಹತ್ತಿರ ಒಂದೇ ಇತ್ತು. ಇದ್ದದ್ದನ್ನು ಇದ್ದಂಗೆ ಬರೆದುಕೊಟ್ಟೆ. ನಿರ್ಲಕ್ಷ್ಯ ಅಂತ ಕ್ಲೇಮ್ ತಳ್ಳಿಹಾಕಿದರು. ಇಂಥ ಕಡೆ ಪೂರ್ತಿ ತಿರಸ್ಕರಿಸದೆ ಶೇ 75 ಕೊಡಿಸಿದ ಸುಪ್ರೀಂ ಕೋರ್ಟ್ ತೀರ್ಪುಗಳಿವೆ ಅಂತ ವಕೀಲರು ಹೇಳಿದರು. ಗ್ರಾಹಕರ ಆಯೋಗಕ್ಕೆ ಹೋಗಿ, 14 ತಿಂಗಳು ಓಡಾಡಿ, 3 ಲಕ್ಷ 20 ಸಾವಿರದ ಐಡಿವಿಗೆ (ಪಾಲಿಸಿಯಲ್ಲಿ ಬರೆದಿರುವ ಗಾಡಿ ಬೆಲೆ) 2 ಲಕ್ಷ 40 ಸಾವಿರ ಬಂತು. ಒಳಗಿನ ಮಂಚ, ಬ್ಯಾಟರಿ ಯಾವುದನ್ನೂ ಪಾಲಿಸಿಯಲ್ಲಿ ಬರೆಸಿರಲಿಲ್ಲ. ಆ 80 ಸಾವಿರ ಹೋದಂಗೇ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವ ಊರು ಅಪಾಯ ಅನ್ನೋ ಪ್ರಶ್ನೆಯೇ ಸರಿ ಇಲ್ಲ ಅನಿಸುತ್ತೆ. ಆ ದಿನ ನಮ್ಮನ್ನು ಕೂರಿಸಿ ಊಟ ಹಾಕಿದವರು ಅದೇ ಊರಿನವರು. ಎಲ್ಲಿ ನಿಲ್ಲಿಸಿದರೂ ಪಕ್ಕದ ಟೀ ಅಂಗಡಿಯವರಿಗೋ ಎಳನೀರಿನವರಿಗೋ ನಿಮ್ಮ ಮುಖ ತೋರಿಸಿ, ಫೋನ್ ನಂಬರ್ ಕೊಟ್ಟು, "ನಾವಿಬ್ಬರು ಬಿಟ್ಟು ಬೇರೆ ಯಾರೇ ಗಾಡಿ ಮುಟ್ಟಿದರೂ ಫೋನ್ ಮಾಡಿ" ಅನ್ನಿ. ನಾನು ಈ ಒಂದು ಮಾತು ಹೇಳಿದ್ದರೆ ಆ ಅಕ್ಕ ಆ ಕ್ಷಣಕ್ಕೇ ಫೋನ್ ಮಾಡುತ್ತಿದ್ದರು.

ಜಿಪಿಎಸ್ ಹಾಕಿಸಿ, ಬೇಡ ಅನ್ನಲ್ಲ. ಆದರೆ ಒಳಗೆ ಮುಚ್ಚಿಟ್ಟದ್ದು, ಸ್ವಂತ ಬ್ಯಾಟರಿ ಇರುವಂಥದ್ದು ಹಾಕಿಸಿ. ಅದು ಗಾಡಿ ಎಲ್ಲಿ ಹೋಯಿತು ಅಂತ ಹೇಳುತ್ತದೆ, ಹೋಗೋದನ್ನು ತಡೆಯಲ್ಲ. ತಡೆಯೋಕೆ ಗೇರ್ ಲಾಕ್ ಬೇಕು, ಜೊತೆಗೆ ಫ್ಯುಯೆಲ್ ಪಂಪಿಗೆ ಒಂದು ಗುಟ್ಟಿನ ಸ್ವಿಚ್. ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ, ಕೀ ಇದ್ದರೂ ಗಾಡಿ ಹತ್ತು ಮಾರು ಹೋಗಿ ನಿಲ್ಲುತ್ತದೆ. ಆರ್‌ಸಿ ಡಿಜಿಲಾಕರ್‌ನಲ್ಲಿದ್ದರೆ ಸಾಕು, ಮೂಲ ಪ್ರತಿ ಮನೆಯಲ್ಲಿರಲಿ. ಒಳಗೆ ಮಾಡಿಸಿದ್ದನ್ನೆಲ್ಲ ಬಿಲ್ ಸಮೇತ ಪಾಲಿಸಿಯಲ್ಲಿ ಬರೆಸಿ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಕಳುವಿಗೆ ಒಂದು ಪೈಸೆ ಬರಲ್ಲ.

ಹೋಗೇಬಿಟ್ಟರೆ ಸುಮ್ನೆ ಹುಡುಕಿಕೊಂಡು ಅಲೆಯಬೇಡಿ. ಅದೇ ಗಳಿಗೆಯಲ್ಲಿ 112, ಅದೇ ದಿನ ಎಫ್‌ಐಆರ್. ಈಗ ಕಳ್ಳತನಕ್ಕೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಕಲಂ 303(2) ಅಂತ ಹಾಕುತ್ತಾರೆ. ಇನ್ಶೂರೆನ್ಸ್‌ಗೂ ಅವತ್ತೇ ತಿಳಿಸಿ. ಎಫ್‌ಐಆರ್ ತಕ್ಷಣ ಆಗಿದ್ದರೆ, ಅವರಿಗೆ ತಡವಾಗಿ ತಿಳಿಸಿದರು ಅನ್ನೋ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಅವರಿಗೆ ನೆಪ ಕೊಡಬೇಡಿ. ಗಾಡಿ ಸಿಗದಿದ್ದರೆ ಪೊಲೀಸರಿಂದ ಸಿ ರಿಪೋರ್ಟ್, ಅಂದರೆ ಪತ್ತೆಯಾಗಲಿಲ್ಲ ಅನ್ನುವ ವರದಿ, ಬೇಕಾಗುತ್ತೆ, ಅದಕ್ಕೆ ತಿಂಗಳುಗಟ್ಟಲೆ ಆಗಬಹುದು. ಬೆನ್ನು ಹತ್ತಿ ಕೇಳುತ್ತಿರಿ.

ನಾವು ಮತ್ತೆ ಗಾಡಿ ತಗೊಂಡಿದ್ದೇವೆ. ಅದರ ಎರಡನೇ ಕೀ ಬಳ್ಳಾರಿಯಲ್ಲಿ ಅಕ್ಕನ ಮನೆಯ ಅಲ್ಮೇರಾದಲ್ಲಿದೆ. ನನ್ನ ಕೀ ಕಳೆದುಹೋದರೆ ಭಾವ ಮತ್ತೆ ಬಸ್ಸು ಹತ್ತಬೇಕು, ನಾವು ಅರ್ಧ ದಿನ ಕಾಯಬೇಕು. ಅಕ್ಕನಿಗೂ ಭಾವನಿಗೂ ಹೇಳಿಟ್ಟಿದ್ದೇನೆ. ನಿಮ್ಮ ಎರಡನೇ ಕೀ ಈಗ ಎಲ್ಲಿದೆ? ಓದೋದು ನಿಲ್ಲಿಸಿ ಹೋಗಿ ನೋಡಿ ಬನ್ನಿ.