ಹಾಲೆ ಕಷಾಯಕ್ಕೆ ಉಂಗುರ ಬೀಳಲಿಲ್ಲವಂತೆ

ಡೊಂಬಿವಲಿಯ ಓದುಗರೊಬ್ಬರ ಪತ್ರದ ಸಾರ: "ಮುಂಬಯಿಗೆ ಬಂದು ನಲವತ್ತೆರಡು ವರ್ಷ. ನಮ್ಮ ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆಗೆ ಕುಡಿಯುವ, ಹಾಲೆ ಮರದ ತೊಗಟೆಯ ಕಷಾಯವನ್ನು ಒಂದು ವರ್ಷವೂ ತಪ್ಪಿಸಿಲ್ಲ. ಹಸಿ ತೊಗಟೆ ಇಲ್ಲಿ ಸಿಗದು, ಊರಿಂದ ಬಸ್ಸಿನಲ್ಲಿ ಒಣಗಿದ್ದು ಬರುತ್ತದೆ, ಕುದಿಸಿ ಕುಡಿಯುತ್ತೇವೆ. ಮೊಮ್ಮಗಳು ಮೈಕ್ರೋಬಯಾಲಜಿ ಓದುತ್ತಿದ್ದಾಳೆ. ಅದೇ ತೊಗಟೆಯನ್ನು ಕಾಲೇಜಿಗೆ ಒಯ್ದು, ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತದಾ ಅಂತ ಪರೀಕ್ಷೆ ಮಾಡಿದಳು. ಮೆಥನಾಲ್ ಅನ್ನುವ ಆಲ್ಕೊಹಾಲಿನಲ್ಲಿ ನೆನೆಸಿದ್ದಕ್ಕೆ 11 ಮಿಲಿಮೀಟರ್ ಉಂಗುರ ಬಂತು, ನೀರಲ್ಲಿ ಕುದಿಸಿದ್ದಕ್ಕೆ ಏನೂ ಇಲ್ಲ. 'ಅಜ್ಜಿ, ನಿನ್ನ ಕಷಾಯ ಬರೀ ಕಹಿನೀರು' ಅಂತ ನಗುತ್ತಾಳೆ. ಅತ್ತ ಅಂಗಡಿಯಲ್ಲಿ 'ಲ್ಯಾಬಿನಲ್ಲಿ ಸಾಬೀತಾದ ಆಂಟಿಬ್ಯಾಕ್ಟೀರಿಯಲ್, ಆಂಟಿಆಕ್ಸಿಡೆಂಟ್' ಅಂತ ಬರೆದ ಗಿಡಮೂಲಿಕೆ ಕ್ಯಾಪ್ಸೂಲಿಗೆ 900 ರೂಪಾಯಿ. ನಾನು ಯಾರನ್ನು ನಂಬಲಿ?"

ಅಮ್ಮಾ, ಸದ್ಯಕ್ಕೆ ಇಬ್ಬರನ್ನೂ ನಂಬಬೇಡಿ. ಮೊದಲು ಆ 11 ಮಿಲಿಮೀಟರ್ ಅಂದರೆ ಏನು ಅಂತ ನೋಡೋಣ.

ಲೇಖನವೊಂದಕ್ಕಾಗಿ ಕಾಲೇಜು ಲ್ಯಾಬಿಗೆ ಹೋದಾಗ ಇಂಥ ತಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿದ್ದೆ. ಅಂಗೈಯಗಲದ ತಟ್ಟೆ. ಒಳಗೆ ಬ್ಯಾಕ್ಟೀರಿಯಾ ಬೆಳೆಸುವ ತೆಳು ಹಳದಿಯ ಅಗರ್, ತಣಿದು ಗಟ್ಟಿಯಾದ ಗಂಜಿತಿಳಿಯ ಹಾಗೆ. ಹಿಂದಿನ ದಿನ ಅದರ ಮೇಲೆ ಹತ್ತಿಕಡ್ಡಿಯಿಂದ ಬ್ಯಾಕ್ಟೀರಿಯಾ ಸವರಿ, ಗಿಡದ ಸಾರದಲ್ಲಿ ಅದ್ದಿದ ಪುಟ್ಟ ಕಾಗದದ ಬಿಲ್ಲೆ ಇಟ್ಟಿದ್ದರು. ಬೆಳಗಾಗುವಷ್ಟರಲ್ಲಿ ಇಡೀ ತಟ್ಟೆ ಮಸುಕು, ಕನ್ನಡಿಗೆ ಉಸಿರು ಬಿಟ್ಟಂತೆ. ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ಬಳೆ. ಅಲ್ಲಿ ಬ್ಯಾಕ್ಟೀರಿಯಾ ಬೆಳೆದಿರಲಿಲ್ಲ. ನೋಡಲು ಬಲು ಚೆಂದ. ಮೋಸ ಹೋಗುವುದೂ ಅಲ್ಲೇ.

ಸಾಮಾನ್ಯವಾಗಿ ಆ ಬಿಲ್ಲೆಯ ಅಗಲವೇ 6 ಮಿಲಿಮೀಟರ್. ಉಂಗುರ ಅಳೆಯುವಾಗ ಬಿಲ್ಲೆಯನ್ನೂ ಸೇರಿಸಿ ಅಳೆಯುತ್ತಾರೆ. ಹಾಗಾಗಿ ನಿಮ್ಮ ಮೊಮ್ಮಗಳ 11ರಲ್ಲಿ ಬಿಲ್ಲೆಯ ಅಂಚಿನಿಂದಾಚೆ ಸಿಕ್ಕಿದ್ದು ಎರಡೂವರೆ ಮಿಲಿಮೀಟರ್. ಅದಕ್ಕೆ ಎಷ್ಟು ಸಾರ ಹಾಕಿದ್ದಳು? ಹೋಲಿಕೆಗೆ ಲ್ಯಾಬುಗಳಲ್ಲಿ ಬಳಸುವ ಜೆಂಟಾಮೈಸಿನ್ ಅನ್ನುವ ಆಂಟಿಬಯಾಟಿಕ್ ಬಿಲ್ಲೆಯಲ್ಲಿ ಇರುವುದು 10 ಮೈಕ್ರೋಗ್ರಾಂ ಔಷಧಿ. ಇವಳು ಬರೀ 1 ಮಿಲಿಗ್ರಾಂ ಸಾರ ಹಾಕಿದ್ದರೂ ಅದರ ನೂರು ಪಟ್ಟಾಯಿತು. ಇನ್ನೊಂದು ಪ್ರಶ್ನೆ: ಬರೀ ಮೆಥನಾಲ್ ಹಾಕಿ ಒಣಗಿಸಿದ ಬಿಲ್ಲೆಯನ್ನೂ ಪಕ್ಕದಲ್ಲಿ ಇಟ್ಟಿದ್ದಳಾ? ಇಟ್ಟಿರದಿದ್ದರೆ ಆ ಉಂಗುರ ತೊಗಟೆಯದ್ದೋ ಮೆಥನಾಲಿನದ್ದೋ ಹೇಗೆ ಗೊತ್ತು?

ಇಷ್ಟು ಓದಿ ನೀವೂ ತುಂಬ ಹಿಗ್ಗಬೇಡಿ. ನಿಮ್ಮ ಕಷಾಯಕ್ಕೆ ಉಂಗುರ ಬರಲಿಲ್ಲ ಎನ್ನುವುದೂ ನಿಜವೇ. ಆದರೆ ಅದರ ಅರ್ಥ ಮೊಮ್ಮಗಳು ಹೇಳುವಷ್ಟು ದೊಡ್ಡದಲ್ಲ.

ಪುನರ್ಪುಳಿಯನ್ನೇ ನೋಡಿ. ಇಲ್ಲಿ ಮಾರ್ಕೆಟಿನಲ್ಲಿ ಆಮಸೂಲ್ ಅಂತ ಕೇಳಿ ತರುತ್ತೇವಲ್ಲ, ಅದೇ. ನಾಲ್ಕು ಸಿಪ್ಪೆ ನೀರಿಗೆ ಹಾಕಿದರೆ ಹತ್ತು ನಿಮಿಷದಲ್ಲಿ ನೀರು ಕೆಂಪು. ಆ ಕೆಂಪು ಆಂಥೋಸಯನಿನ್‌ಗಳದ್ದು, ನೀರಲ್ಲಿ ಸಲೀಸಾಗಿ ಕರಗುತ್ತವೆ. ಅದೇ ಸಿಪ್ಪೆಯಲ್ಲಿ ಗಾರ್ಸಿನಾಲ್ ಅನ್ನುವ ಹಳದಿ ವಸ್ತುವೂ ಇದೆ. ಬ್ಯಾಕ್ಟೀರಿಯಾ ವಿರುದ್ಧದ ಪರೀಕ್ಷೆಗಳಲ್ಲಿ ಹೆಸರು ಮಾಡಿದ್ದು ಅದು. ಅದಕ್ಕೆ ನೀರು ಅಂದರೆ ಅಷ್ಟಕ್ಕಷ್ಟೇ. ಎಣ್ಣೆ, ಆಲ್ಕೊಹಾಲಿನಂಥ ದ್ರಾವಕ ಬೇಕು. ಹಾಗಾಗಿ ನಮ್ಮ ಶರಬತ್ತಿಗೆ ಬಣ್ಣ, ಹುಳಿ ಇಳಿಯುತ್ತವೆ, ಗಾರ್ಸಿನಾಲ್ ಬಹುಪಾಲು ಸಿಪ್ಪೆಯಲ್ಲೇ ಉಳಿಯುತ್ತದೆ. 'ಪುನರ್ಪುಳಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ' ಅಂತ ಎಲ್ಲಾದರೂ ಓದಿದರೆ, ಯಾವುದರಲ್ಲಿ ಅದ್ದಿ ತೆಗೆದ ಸಾರ ಅಂತ ಕೇಳಿ. ಮೆಥನಾಲ್ ಆಗಿದ್ದರೆ ಅದು ಲ್ಯಾಬಿನ ಮಾತು. ಮೆಥನಾಲ್ ಕುಡಿದರೆ ಕಣ್ಣೂ ಹೋಗುತ್ತದೆ, ಜೀವವೂ ಹೋಗುತ್ತದೆ.

ಎಣ್ಣೆಯ ಗುಣದ ವಸ್ತುಗಳಿಗೆ ಇನ್ನೊಂದು ತೊಂದರೆಯೂ ಇದೆ. ಅಗರ್ ಅನ್ನುವುದು ಹೆಚ್ಚುಕಡಿಮೆ ನೀರೇ. ಅದರಲ್ಲಿ ಅವು ದೂರ ಹರಡುವುದಿಲ್ಲ. ಒಳ್ಳೆ ಶಕ್ತಿ ಇದ್ದರೂ ಉಂಗುರ ಸಣ್ಣದು ಬರಬಹುದು. ಅದಕ್ಕೇ ಬಲ್ಲವರು ಉಂಗುರದ ಮೇಲೆ ನಿಲ್ಲದೆ, ದ್ರವದಲ್ಲಿ ಕರಗಿಸಿ, ಅರ್ಧ ಅರ್ಧ ತೆಳುಮಾಡುತ್ತ ಹೋಗಿ, ಎಷ್ಟು ಕಡಿಮೆ ಪ್ರಮಾಣದಲ್ಲಿ ಬೆಳವಣಿಗೆ ನಿಲ್ಲುತ್ತದೆ ಅಂತ ನೋಡುತ್ತಾರೆ.

ಕುದಿಸುವ ವಿಷಯಕ್ಕೆ ಬಂದರೆ, ನಿಮಗೆ ಇಷ್ಟವಾಗುವ ಕಥೆಯೊಂದಿದೆ. ಚೀನಾದ ವಿಜ್ಞಾನಿ ತು ಯೂಯೂ ಮಲೇರಿಯಾಕ್ಕೆ ಗಿಡ ಹುಡುಕುತ್ತಿದ್ದಾಗ ಒಂದು ಗಿಡದ ಸಾರ ಒಮ್ಮೆ ಕೆಲಸ ಮಾಡಿ ಇನ್ನೊಮ್ಮೆ ಕೈಕೊಡುತ್ತಿತ್ತು. ಹಳೆಯ ವೈದ್ಯಗ್ರಂಥ ತೆಗೆದು ನೋಡಿದರೆ, ಅಲ್ಲಿ ಕುದಿಸುವ ಮಾತೇ ಇಲ್ಲ. ನೀರಲ್ಲಿ ನೆನೆಸಿ ಹಿಂಡಿ ಕುಡಿ ಅಂತಿತ್ತು. ಬಿಸಿಯೇ ಔಷಧಿಯನ್ನು ಕೆಡಿಸುತ್ತಿರಬೇಕು ಅಂತ ಊಹಿಸಿ, 1971ರಲ್ಲಿ ಕಡಿಮೆ ಬಿಸಿಗೆ ಆವಿಯಾಗುವ ಈಥರ್ ಬಳಸಿದರು. ಆ ದಾರಿಯಲ್ಲೇ ಮಲೇರಿಯಾದ ಔಷಧಿ ಆರ್ಟಿಮಿಸಿನಿನ್ ಸಿಕ್ಕಿತು, 2015ರಲ್ಲಿ ನೊಬೆಲ್ ಬಂತು. ಈಗ ನಿಮ್ಮ ಊರಿನ ಪದ್ಧತಿ ನೆನಪು ಮಾಡಿಕೊಳ್ಳಿ. ಹಾಲೆ ತೊಗಟೆಯನ್ನು ಹಸಿಯಾಗೇ ಜಜ್ಜಿ, ಓಮ, ಕಾಳುಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು, ಹಿಂಡಿ, ಕೆಂಪಗೆ ಕಾಯಿಸಿದ ಬಿಳಿಕಲ್ಲನ್ನು ಅದರಲ್ಲಿ ಚುಂಯ್ ಅನ್ನಿಸುತ್ತಾರೆ, ಅಲ್ವಾ? ಒಣ ತೊಗಟೆ ಕುದಿಸುವುದು ಡೊಂಬಿವಲಿಯ ಅನಿವಾರ್ಯ, ಊರಿನ ಕ್ರಮ ಅಲ್ಲ. ಹಸಿ ರಸಕ್ಕೆ ಉಂಗುರ ಬಂದೇ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಮೊಮ್ಮಗಳು ಪರೀಕ್ಷೆ ಮಾಡಿದ್ದು ಆ ಕಷಾಯವನ್ನಲ್ಲ, ಅಷ್ಟೇ.

ಇಡೀ ಗಿಡಕ್ಕೂ ಅದರಿಂದ ತೆಗೆದ ಒಂದು ವಸ್ತುವಿಗೂ ವ್ಯತ್ಯಾಸ ಇರುತ್ತದೆ ಅನ್ನುವುದಕ್ಕೆ ನನಗೆ ತುಂಬ ಹಿಡಿಸಿದ ಉದಾಹರಣೆ ಬರ್ಬರಿನ್. ನಮ್ಮ ಮರದರಶಿನಕ್ಕೆ ಹಳದಿ ಬಣ್ಣ ಕೊಡುವುದು ಅದೇ. ಕೀವು ಮಾಡುವ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ಒಳಗೆ ಬಂದ ಬರ್ಬರಿನ್ನನ್ನು ಪಂಪು ಹಚ್ಚಿದ ಹಾಗೆ ಹೊರಗೆ ಎತ್ತಿಹಾಕುತ್ತದೆ. ಬರ್ಬರಿನ್ ಇರುವ ಬಾರ್ಬೆರಿ ಜಾತಿಯ ಗಿಡಗಳು ಆ ಪಂಪನ್ನೇ ಕೆಡಿಸುವ ಇನ್ನೊಂದು ವಸ್ತುವನ್ನೂ ತಯಾರಿಸುತ್ತವೆ ಅಂತ 2000ದಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಆ ಎರಡನೆಯದು ಒಂಟಿಯಾಗಿ ಬ್ಯಾಕ್ಟೀರಿಯಾಕ್ಕೆ ಏನೂ ಮಾಡದು. ಜೊತೆಗಿದ್ದರೆ ಬರ್ಬರಿನ್‌ಗೆ ಬಲ.

ಇನ್ನು ಆ 900 ರೂಪಾಯಿ ಡಬ್ಬಿ. ಆಂಟಿಆಕ್ಸಿಡೆಂಟ್ ಪರೀಕ್ಷೆ ಅಂದರೆ ಹೆಚ್ಚಾಗಿ ಡಿಪಿಪಿಎಚ್ ಅನ್ನುವ ನೇರಳೆ ದ್ರಾವಣಕ್ಕೆ ಸಾರ ಹಾಕುವುದು. ನೇರಳೆ ಹೋಗಿ ಹಳದಿ ಆದರೆ ಪಾಸು. ಚಹಾ ಹಾಕಿದರೂ ಪಾಸು, ನೆಲ್ಲಿಕಾಯಿ ಹಾಕಿದರೂ ಪಾಸು. ಗಾಜಿನ ಕೊಳವೆಯಲ್ಲಿ ಆದದ್ದು ಮೈಯೊಳಗೂ ಆಗಬೇಕೆಂದಿಲ್ಲ. ಇಂಥ ಅಂಕೆಗಳ ದೊಡ್ಡ ಪಟ್ಟಿಯೊಂದನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ಅದೇ ಕಾರಣಕ್ಕೆ ಹಿಂದಕ್ಕೆ ತೆಗೆದುಕೊಂಡಿತು. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ಒಂದು ಪ್ರಯೋಗ ನಡೆದಿತ್ತು. ಅದರಲ್ಲಿ ಬೀಟಾ ಕೆರೋಟಿನ್ ಅನ್ನುವ ಆಂಟಿಆಕ್ಸಿಡೆಂಟ್ ಮಾತ್ರೆ ತಿಂದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿಯೇ ಬಂದಿತ್ತು. ಅದು 1994ರ ವರದಿ. ಇಷ್ಟು ಸಾಕು, ಈ ಪದದ ಮೇಲೆ ನನಗೆ ಹೆಚ್ಚು ಗೌರವ ಇಲ್ಲ.

ಡಬ್ಬಿಯ ಮೇಲೆ ಅರಿಶಿನ, ಕಾಳುಮೆಣಸು ಎರಡೂ ಇವೆಯಾ ನೋಡಿ. ಅರಿಶಿನದ ಕರ್ಕ್ಯುಮಿನ್ ಸುಮ್ನೆ ತಿಂದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ 20 ಮಿಲಿಗ್ರಾಂ ಪೈಪರಿನ್ ಕೊಟ್ಟರೆ ಅದು ಶೇ. 2000ದಷ್ಟು ಹೆಚ್ಚುತ್ತದೆ ಅಂತ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲಿ ಪ್ರಕಟಿಸಿದರು. ಆದರೆ ಪೈಪರಿನ್ ಅರಿಶಿನವನ್ನು ಮಾತ್ರ ಒಳಗೆ ಬಿಡುವುದಿಲ್ಲ. ಬಿಪಿಯ ಕೆಲವು ಮಾತ್ರೆಗಳ ಮಟ್ಟವನ್ನೂ ಏರಿಸುತ್ತದೆ. ಸಾರಿಗೆ ಹಾಕುವ ಚಿಟಿಕೆ ಮೆಣಸಿಗೆ ಹೆದರಬೇಕಿಲ್ಲ. ದಿನಾ ಕ್ಯಾಪ್ಸೂಲ್ ನುಂಗುವ ಮೊದಲು ಮಾತ್ರ ನಿಮ್ಮ ಡಾಕ್ಟರಿಗೆ ಡಬ್ಬಿ ತೋರಿಸಿ.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಒಂದು ಮಳೆಗಾಲ ಕಾಲಿಗೆ ತಗಡು ತಾಗಿತ್ತು. ಅರಿಶಿನ ಮೆತ್ತಿ ಐದು ದಿನ ಲೋಕಲ್ ರೈಲಿನಲ್ಲಿ ಓಡಾಡಿದೆ. ಮೇಲೆ ಒಣಗಿದಂತೆ ಕಾಣುತ್ತಿತ್ತು, ಒಳಗೆ ಕೀವು. ಆರನೇ ದಿನ ಡಾಕ್ಟರು ಕುಯ್ದು ತೆಗೆದರು. ಅರಿಶಿನದ್ದು ತಪ್ಪಲ್ಲ. ತಟ್ಟೆಯಲ್ಲಿ ನಡೆಯುವುದೆಲ್ಲ ಕಾಲಿನಲ್ಲೂ ನಡೆಯುತ್ತದೆ ಅಂತ ನಂಬಿದ ನನ್ನದು.

ಕೊನೆಯದಾಗಿ, ಹಸಿ ತೊಗಟೆಯ ಆಸೆಗೆ ಇಲ್ಲಿಯ ರಸ್ತೆ ಬದಿಯ ಸಾತ್ವಿಣ ಮರಕ್ಕೆ ಕಲ್ಲು ಹಿಡಿದು ಹೋಗಬೇಡಿ. ಹಾಲೆ ಮರವೇ ಅದು, ಆದರೆ ಹೊಗೆ, ಧೂಳು ಕುಡಿದು ನಿಂತದ್ದು. ಊರಿನಲ್ಲೂ ಗುರುತು ಬಲ್ಲವರೇ ತರಲಿ. ನಸುಕಿನ ಕತ್ತಲಲ್ಲಿ ಹಾಲೆ ಅಂತ ಕಾಸರಕನ ತೊಗಟೆ ಕೆತ್ತಿ ತಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್ ವಿಷ.

ಮೊಮ್ಮಗಳಿಗೊಂದು ಕೆಲಸ ಹೇಳಿ. ಈ ಆಟಿಯಲ್ಲಿ ಊರಿಂದ ರಸ ತಂದು ಅದಕ್ಕೊಂದು ಬಿಲ್ಲೆ, ಕುದಿಸಿದ್ದಕ್ಕೊಂದು, ಮೆಥನಾಲ್ ಸಾರಕ್ಕೊಂದು, ಬರೀ ಮೆಥನಾಲಿಗೊಂದು, ಪಕ್ಕದಲ್ಲಿ ಜೆಂಟಾಮೈಸಿನ್. ಯಾವುದರಲ್ಲಿ ಎಷ್ಟು ಹಾಕಿದಳು ಅಂತ ಬರೆದಿಡಲಿ. ಉಂಗುರ ಬಂದರೂ ಕಳಿಸಲಿ, ಬಾರದಿದ್ದರೂ ಕಳಿಸಲಿ. ಎರಡು ಪುಟ ಅವಳಿಗೆ ಕಾದಿಟ್ಟಿರುತ್ತೇನೆ.

— ಸಂ.