ಹೆಸರಿನ ಹಿಂದೆ ಹೋಗಬೇಡಿ, ವಾದ್ಯದ ಹಿಂದೆ ಹೋಗಿ

ಕುಮಟಾದಿಂದ ಶಿರಸಿಗೆ ಬರುವ ಬಸ್ಸಿನಲ್ಲಿ ಪಕ್ಕದವರ ಮೊಬೈಲಿನಿಂದ ಗುಡುಗಿನಂಥ ಚರ್ಮವಾದ್ಯ, ತಿಳಿಯದ ಭಾಷೆಯ ಹಾಡು ಕೇಳಿಸಿತು, ವಿಚಾರಿಸಿದರೆ ‘ನಿಯೋ-ಫೋಕ್’ (ಹೊಸ ಜಾನಪದ) ಎಂದರು, ಎಲ್ಲಿಂದ ಶುರುಮಾಡಲಿ ಎಂದು ಕೇಳಿದ್ದೀರಿ. ನಾನೂ ಶಿರಸಿ ಕಡೆಯವನು. ಆರೇಳು ವರ್ಷಗಳಿಂದ ಇದೇ ಗುಂಗಿನಲ್ಲಿದ್ದೇನೆ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ಹೆಸರಿನ ತೊಡಕು ಬಿಡಿಸುತ್ತೇನೆ. 1980ರ ದಶಕದಲ್ಲಿ ಇಂಗ್ಲೆಂಡಿನ ಡೆತ್ ಇನ್ ಜೂನ್, ಕರೆಂಟ್ 93 ಮುಂತಾದ ತಂಡಗಳು ಅಕೌಸ್ಟಿಕ್ ಗಿಟಾರ್ ಹಿಡಿದು ಮಾಡಿದ ಮಂಕು ಕವಿದ ಹಾಡುಗಳಿಗೂ ಇದೇ ಹೆಸರು. ಅವರಲ್ಲಿ ಕೆಲವರು ನಾಜಿ ಕಾಲದ ಲಾಂಛನಗಳನ್ನು ಬಳಸಿ ವಿವಾದಕ್ಕೆ ಗುರಿಯಾದವರು. ಆದ್ದರಿಂದ ಈ ಹೆಸರಿನಡಿ ಹೊಸ ತಂಡ ಸಿಕ್ಕರೆ ಅದರ ಬಗ್ಗೆ ನಾಲ್ಕು ಸಾಲು ಓದಿಯೇ ಮುಂದುವರಿಯುತ್ತೇನೆ, ನೀವೂ ಹಾಗೆ ಮಾಡಿ. ನಿಮ್ಮ ವರ್ಣನೆ ನೋಡಿದರೆ ನೀವು ಕೇಳಿದ್ದು ಅದಲ್ಲ, ‘ನಾರ್ಡಿಕ್ ಫೋಕ್’ ಎನ್ನುವ, ಉತ್ತರ ಯುರೋಪಿನ ಹಳೆಯ ವಾದ್ಯಗಳ ಬಗೆ.

ಅದರಲ್ಲಿ ನನ್ನ ಮೊದಲ ಶಿಫಾರಸು ನಾರ್ವೆಯ ವಾರ್ಡ್ರೂನಾ. ಬ್ಲ್ಯಾಕ್ ಮೆಟಲ್ ಎಂಬ ಅಬ್ಬರದ ರಾಕ್ ಬಗೆಯ ತಂಡವೊಂದರಲ್ಲಿ ಡ್ರಮ್ ಬಾರಿಸುತ್ತಿದ್ದ ಐನಾರ್ ಸೆಲ್ವಿಕ್ 2003ರಲ್ಲಿ ಕಟ್ಟಿದ ತಂಡ ಅದು. ಮೊದಲ ಆಲ್ಬಂ ಬಂದದ್ದು 2009ರಲ್ಲಿ. ಆದರೆ ನೀವು 2018ರ ‘ಸ್ಕಾಲ್ಡ್’ನಿಂದ ಶುರುಮಾಡಿ. ಅದರಲ್ಲಿ ಗದ್ದಲವಿಲ್ಲ. ಬಹುಪಾಲು ಒಂದೇ ಕಂಠ, ಜೊತೆಗೆ ಒಂದು ಹಳೆಯ ತಂತಿವಾದ್ಯ ಇಲ್ಲವೇ ಆಡಿನ ಕೊಂಬು. ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತದೆ. ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ಬೇಡ, ಕೆಳಸ್ವರವೆಲ್ಲ ಸತ್ತುಹೋಗುತ್ತದೆ. ಹೆಡ್‌ಫೋನ್ ಹಾಕಿಕೊಳ್ಳಿ.

ಅಡಿಕೆ ಸುಲಿಯುವ ಒಂದು ರಾತ್ರಿ ಜಗಲಿಯಲ್ಲಿ ಇದನ್ನು ಸಣ್ಣ ಸ್ಪೀಕರಿಗೆ ಜೋಡಿಸಿ ಹಾಕಿದ್ದೆ. ಆಯಿ ಮೆಟ್ಟುಗತ್ತಿಯ ಮೇಲೆ ಕೂತಿದ್ದಳು. ಕೊಂಬಿನ ದನಿ ಎದ್ದಾಗ ಅವಳ ಕೈ ನಿಂತಿತು. ಅರ್ಧ ಸುಲಿದ ಅಡಿಕೆ ಬೆರಳಲ್ಲೇ ಉಳಿಯಿತು. ‘ಇದು ಹಾಡಲ್ಲ, ಯಾರನ್ನೋ ಕೂಗಿ ಕರೆಯುವುದು’ ಎಂದಳು. ನಾರ್ವೆ ಎಲ್ಲಿದೆಯೆಂದು ಅವಳಿಗೆ ಗೊತ್ತಿಲ್ಲ. ಆ ಕೊಂಬು ದನ ಕಾಯುವವರು ಬೆಟ್ಟದಿಂದ ಬೆಟ್ಟಕ್ಕೆ ಕರೆ ಕೊಡಲು ಊದುತ್ತಿದ್ದ ವಾದ್ಯ ಎಂದು ನಾನು ಓದಿದ್ದು ಆಮೇಲೆ. ಅಂದಿನಿಂದ ಯಾರಿಗೇ ಶಿಫಾರಸು ಮಾಡುವುದಿದ್ದರೂ ಹತ್ತು ಹೆಸರುಗಳ ಪಟ್ಟಿ ಕಳಿಸುವುದನ್ನು ಬಿಟ್ಟೆ. ಒಂದೇ ಹಾಡು ಕೊಟ್ಟು, ‘ಕೊಂಬು ಬರುವವರೆಗೆ ಕೇಳಿ’ ಎನ್ನುತ್ತೇನೆ.

ಹುಡುಕುವ ದಾರಿಯೂ ಅದೇ. ಆ್ಯಪ್ ತಾನಾಗಿ ಮುಂದಿಡುವ ಹಾಡುಗಳಲ್ಲಿ ಬಹಳಷ್ಟು ಬರೀ ಡ್ರಮ್ ಬಡಿತದ ಅನುಕರಣೆಗಳು. ಬದಲಿಗೆ, ಹಿಡಿಸಿದ ಹಾಡಿನಲ್ಲಿ ಯಾವ ವಾದ್ಯವಿದೆ ಎಂದು ಆಲ್ಬಂ ವಿವರದಲ್ಲಿ ನೋಡಿ, ಆ ವಾದ್ಯದ ಹೆಸರನ್ನೇ ಹುಡುಕಿ. ಟಾಗೆಲ್‌ಹಾರ್ಪಾ ಎಂದೊಂದಿದೆ. ಕುದುರೆ ಬಾಲದ ಕೂದಲೇ ಅದರ ತಂತಿ, ಕಮಾನಿನಿಂದ ಉಜ್ಜಿ ನುಡಿಸುತ್ತಾರೆ. ಒರಟು ದನಿ, ಗಂಟಲು ಕಟ್ಟಿದ ಮನುಷ್ಯ ಹಾಡಿದಂತೆ. ಅದರ ಬೆನ್ನು ಹತ್ತಿದ ನಾನು ಮಂಗೋಲಿಯಾದ ಮೊರಿನ್ ಖೂರ್ ತನಕ ಹೋದೆ. ಅಲ್ಲೂ ಕುದುರೆ ಕೂದಲು, ಎರಡೇ ತಂತಿ, ತುದಿಯಲ್ಲಿ ಕೆತ್ತಿದ ಕುದುರೆಯ ತಲೆ. ಅಲ್ಲಿಯದೇ ದಿ ಹೂ ತಂಡ ಅದಕ್ಕೆ ರಾಕ್ ಬೆರೆಸಿದೆ. ನನಗೆ ರಾಕ್ ಸ್ವಲ್ಪ ಹೆಚ್ಚಾಯಿತು, ನಿಮಗೆ ಹಿಡಿಸಬಹುದು. ಉಕ್ರೇನಿನ ದಾಖಾಬ್ರಾಖಾ ತಂಡವನ್ನು ಹೆಣ್ಣು ಕಂಠಗಳಿಗಾಗಿಯೇ ಕೇಳಿ.

ಐರ್ಲೆಂಡಿನ ಲ್ಯಾಂಕಮ್ ತಂಡದ 2023ರ ‘ಫಾಲ್ಸ್ ಲ್ಯಾಂಕಮ್’ ಆಲ್ಬಂ ಮಾತ್ರ ಬಿಡಲೇಬೇಡಿ. ಒಂದೇ ಸ್ವರ ನಿಮಿಷಗಟ್ಟಲೆ ಹಿಡಿದು ನಿಲ್ಲುತ್ತದೆ. ಕೆಲವರಿಗೆ ಬೇಸರ ಬರುತ್ತದಂತೆ. ರಾತ್ರಿಯಿಡೀ ಯಕ್ಷಗಾನದ ಶ್ರುತಿಯ ಕೆಳಗೆ ಕೂತು ಬೆಳೆದ ನಮ್ಮ ಕಿವಿಗೆ ಹಾಗಾಗುವುದಿಲ್ಲ.

ಇನ್ನು ಬಸ್ಸಿನಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸಿದ್ದು ಚರ್ಮವಾದ್ಯ ಎಂದಿರಿ. ಹಾಗಾದರೆ ಸುಗ್ಗಿಯ ಹೊತ್ತಿಗೆ ಅಂಕೋಲೆಯ ಕಡೆ ಹೋಗಿ ಹಾಲಕ್ಕಿ ಒಕ್ಕಲಿಗರ ಗುಮಟೆಯನ್ನು ಹತ್ತಿರದಿಂದ ಕೇಳಿ. ಎರಡು ಬಾಯಿಯ ಮಣ್ಣಿನ ಮಡಕೆ, ದೊಡ್ಡ ಬಾಯಿಗೆ ಚರ್ಮ, ಹಿಂದೆ ಅದು ಉಡದ ಚರ್ಮವೇ ಆಗಿತ್ತು. ಒಂದು ಕೈ ಬಾರಿಸುವಾಗ ಇನ್ನೊಂದು ಅಂಗೈ ಸಣ್ಣ ಬಾಯನ್ನು ಮುಚ್ಚಿ ತೆರೆಯುತ್ತದೆ, ದನಿ ಬಳುಕಿ ಇಳಿಯುತ್ತದೆ. ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರ ಹಾಡಿನ ವಿಡಿಯೋಗಳು ಯೂಟ್ಯೂಬಿನಲ್ಲಿವೆ. 2017ರಲ್ಲಿ ಪದ್ಮಶ್ರೀ ಪಡೆದ ಅವರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಸೆಲ್ವಿಕ್ ಮರೆತುಹೋದ ವಾದ್ಯಗಳನ್ನು ತಾನೇ ಮಾಡಿಕೊಂಡು, ತಾನೇ ಕಲಿತು ನುಡಿಸಬೇಕಾಯಿತು. ಗುಮಟೆ ಬಾರಿಸುವ ಕೈಗಳು ಇಲ್ಲಿ ಇನ್ನೂ ಇವೆ. ನನಗೆ ಎರಡೂ ಬೇಕು. ಒಂದನ್ನು ಕೇಳಿದ ಮೇಲೆ ಇನ್ನೊಂದು ಬೇರೆಯೇ ಆಗಿ ಕೇಳಿಸುತ್ತದೆ.

‘ಸ್ಕಾಲ್ಡ್’ ಕೇಳಿ ಮುಗಿದ ಮೇಲೆ ಬರೆಯಿರಿ. ತಂತಿ ಹಿಡಿಸಿತೋ, ಕೊಂಬು ಹಿಡಿಸಿತೋ ಹೇಳಿದರೆ ಮುಂದಿನದನ್ನು ಅದರ ಮೇಲೆ ಸೂಚಿಸುತ್ತೇನೆ.